ಕತ್ತರಿ ಬಾಲ, ಬೀಸಣಿಗೆ ಬಾಲ

ಬಂಡಿಯ ಕೀಲು ಕಳಚಬಹುದು. ಕಮಲಾಪುರದ ಏರಿನಲ್ಲಿ ಎಡಗಡೆಯ ಎತ್ತು ಮಲಗಿಬಿಡಬಹುದು, ಅದಕ್ಕೆ ಆ ಚಟವಿದೆ. ಬುತ್ತಿಯ ಗಂಟನ್ನು ಕೋತಿ ಒಯ್ಯಬಹುದು. ಬುತ್ತಿಯನ್ನು ಬಿಟ್ಟು ದುರ್ಬೀನನ್ನೇ ಒಯ್ಯಬಹುದು. ಅಕ್ಕ ಹೆಚ್ಚು ಮಾತಾಡಬಹುದು. ನಾನು ಕಡಿಮೆ ಮಾತಾಡಿ ಜಂಬದವನೆನಿಸಿಕೊಳ್ಳಬಹುದು. ಮೋಡ ಕವಿಯಬಹುದು. ಮೋಡವಿಲ್ಲದಿದ್ದರೆ ಬಿಸಿಲು ಕಣ್ಣಿಗೆ ಹೊಡೆಯಬಹುದು. ಗರುಡ ಬಾರದೆಯೇ ಇರಬಹುದು. ಬಂದಾಗ ಅಜ್ಜಿಗೆ ಜೋಂಪು ಹತ್ತಿರಬಹುದು. ಗರುಡನೂ ಹದ್ದೂ ಒಟ್ಟಿಗೆ ಬಂದು, ಮೊದಲು ಬಂದದ್ದು ಯಾವುದೆಂಬ ತಕರಾರು ಏಳಬಹುದು. ಗರುಡ ಹೊಳೆಯಿಂದ ಮೀನೆತ್ತಿಕೊಂಡು ಬಂದು ಅದನ್ನು ಬೀಗರ ರುಮಾಲಿನ ಮೇಲೆ ಬೀಳಿಸಬಹುದು. ಆ ಹೊತ್ತಿಗೆ ಸರಿಯಾಗಿ ನನಗೆ ಸೀನು ಬರಬಹುದು.

ಇದು ನಾನು ಈಗ ಕೂತು ಹೆಣೆದದ್ದಲ್ಲ. ಮೊನ್ನೆ ಬಟ್ಟೆಗಳಿಗೆ ಬಿಸಿಲು ತೋರಿಸೋಣವೆಂದು ಟ್ರಂಕು ತೆರೆದಾಗ ತಳದಲ್ಲಿ ನನ್ನ ದುರ್ಬೀನಿನ ಚರ್ಮದ ಪೆಟ್ಟಿಗೆ ಸಿಕ್ಕಿತು. ಅದರ ಮುಚ್ಚಳದೊಳಗೆ ನಾಲ್ಕಾಗಿ ಮಡಿಸಿದ ಕಾಗದ. ಕಾಗದದ ಮೇಲೆ ನನ್ನದೇ ಅಕ್ಷರ. ಹನ್ನೆರಡು ವರ್ಷದ ಹಿಂದೆ, ಅಕ್ಕನ ಮಗಳು ನೀಲಳ ಮದುವೆಯ ಮಾತಿಗೆಂದು ಹಂಪಿಗೆ ಹೊರಡುವ ಮುನ್ನಾದಿನ ಬರೆದದ್ದು. ಏನೇನು ಕೆಡಬಹುದೆಂದು ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ಹಳೆಯ ರೂಢಿ. ನನ್ನ ಹೆಂಡತಿ ಪಾರ್ವತಿಗೆ ಇದರ ಬಗ್ಗೆ ಗೌರವವಿದೆ. "ನಿಮ್ಮ ಪಟ್ಟಿಯಾಗ ಇದ್ದದ್ದು ಯಾವತ್ತೂ ಆಗಿಲ್ರಿ. ಒಂದೂ ಬಿಡಲಾರದ ಬರದುಬಿಡ್ರಿ, ನಾವು ಸುಖವಾಗಿರ್ತೀವಿ" ಎನ್ನುತ್ತಾಳೆ.

ದುರ್ಬೀನು ನನ್ನಂಥ ಶಾಲೆಯ ಡ್ರಾಯಿಂಗ್ ಮಾಸ್ತರನ ಬಳಿ ಇರುವ ವಸ್ತುವಲ್ಲ. ಹೊಳೆಗೆ ಅಡ್ಡಲಾಗಿ ದೊಡ್ಡ ಕಟ್ಟೆ ಕಟ್ಟುತ್ತಾರೆಂಬ ಮಾತು ಹೊಸಪೇಟೆಯಲ್ಲಿ ನಾನು ಹುಟ್ಟಿದಾಗಿನಿಂದ ಇದೆ. ಮದರಾಸಿನಿಂದ ಅಳೆಯುವವರು ಬರುತ್ತಾರೆ, ಅಳೆಯುತ್ತಾರೆ, ಹೋಗುತ್ತಾರೆ. ಹೊಳೆ ತನ್ನ ಪಾಡಿಗೆ ಹರಿಯುತ್ತಲೇ ಇರುತ್ತದೆ. ಹಾಗೆ ಬಂದ ಒಬ್ಬ ದೊರೆಗೆ ಒಂದು ಬೇಸಿಗೆ ರಜೆ ಪೂರ್ತಿ ನಾನು ನಕ್ಷೆಗಳ ನಕಲು ತೆಗೆದುಕೊಟ್ಟಿದ್ದೆ. ಹೋಗುವ ದಿನ ಅವನು ಕೈಕುಲುಕಿ, ತನ್ನ ಹಳೆಯ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದ. ನಾನು ಒಂದು ವಾರ ನೆಟ್ಟಗೆ ನಿದ್ದೆ ಮಾಡಲಿಲ್ಲ. ಕಳವಿನ ಮಾಲೆಂದು ಯಾರಾದರೂ ಹಿಡಿದರೆ? ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಬೇಕಿತ್ತು.

ಆ ದುರ್ಬೀನಿನಿಂದ ನಾನು ನೋಡಿದ್ದು ಬೇಟೆಯ ಹಕ್ಕಿಗಳನ್ನು ಮಾತ್ರ. ಗಿಣಿ, ನವಿಲು, ಗೀಜಗಗಳ ಗೊಡವೆಗೆ ಹೋದವನಲ್ಲ. ಇದಕ್ಕೆ ಕಾರಣ ಪ್ರೀತಿಯೆಂದು ಶಾಲೆಯ ಹುಡುಗರು ತಿಳಿದು ನನಗೆ ಹದ್ದಿನ ಮಾಸ್ತರ ಎಂದು ಹೆಸರಿಟ್ಟರು. ನಿಜವಾದ ಕಾರಣ ಭಯ.

ಎಂಟು ವರ್ಷದವನಿದ್ದಾಗ ಸಂಡೂರಿನ ಸೋದರತ್ತೆಯ ಮನೆಗೆ ಹೋಗಿದ್ದೆ. ಅತ್ತೆ ಬಾಣಲೆಯಿಂದ ತೆಗೆದ ಬಿಸಿ ಮಿರ್ಚಿ ಬಜ್ಜಿಯೊಂದನ್ನು ಕೈಗಿಟ್ಟಳು. ಬಾಯಿ ಸುಟ್ಟೀತೆಂದು ಹೆದರಿ ಅಂಗಳಕ್ಕೆ ತಂದು ಊದಿದೆ. ಇನ್ನೂ ಬಿಸಿಯಿದ್ದೀತೆಂದು ಮತ್ತೆ ಊದಿದೆ. ಬೇರೆ ಹುಡುಗರಾಗಿದ್ದರೆ ಅಷ್ಟರಲ್ಲಿ ಮೂರು ತಿಂದಿರುತ್ತಿದ್ದರು. ಕೊನೆಗೊಮ್ಮೆ ಧೈರ್ಯ ಮಾಡಿ ಬಾಯಿಯ ಹತ್ತಿರ ತಂದೆ, ಕಿವಿಯ ಪಕ್ಕ ಯಾರೋ ಸೀರೆ ಕೊಡವಿದ ಹಾಗಾಯಿತು, ಕೈ ಖಾಲಿ. ಹೆಬ್ಬೆರಳ ಬುಡದಲ್ಲಿ ರಕ್ತ. ಅತ್ತೆ ಓಡಿಬಂದು ಅರಿಸಿನ ಮೆತ್ತುತ್ತ ಕೇಳಿದಳು: "ಯಾವುದ್ಲೇ ಅದು? ಹದ್ದೋ, ಗಿಡುಗೋ?"

"ಗೊತ್ತಿಲ್ಲತ್ತಿ."

"ಕೈಯಾಗಿಂದು ಕಸಗೊಂಡು ಹೋದವರ ಹೆಸರೂ ಗೊತ್ತಿಲ್ಲ ಅಂತಿಯಲ್ಲೋ. ಯಾರನ್ನ ಬೈಬೇಕೋ ನಾನು?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಳ್ಳಕ್ಕಿಗಳ ಸಾಲು ಸಂಜೆ ಹಾದುಹೋಗುವಾಗ ಉಳಿದ ಹುಡುಗರು ಉಗುರಿನ ಮೇಲೆ ಬಿಳಿ ಚುಕ್ಕೆ ಬರಲೆಂದು ಕೈ ಮೇಲೆತ್ತಿ ಕುಣಿಯುತ್ತಿದ್ದರು. ನಾನು ಕೈಗಳನ್ನು ಅಂಗಿಯೊಳಗೆ ಹುದುಗಿಸಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದೆ. ಅಷ್ಟು ದೂರದಿಂದ ಬೆಳ್ಳಕ್ಕಿ ಯಾವುದು, ಕಸಿಯುವ ಹಕ್ಕಿ ಯಾವುದು ಎಂದು ಖಾತ್ರಿ ಏನು?

ಖಾತ್ರಿ ಮಾಡಿಕೊಳ್ಳಲು ಮುಂದಿನ ಇಪ್ಪತ್ತು ವರ್ಷ ಹಿಡಿಯಿತು. ಊರ ಮೇಲೆ, ಸಂತೆಯ ಮೇಲೆ ಸುತ್ತುವುದು ಕಂದು ಹದ್ದು. ನನ್ನ ಮಿರ್ಚಿಯ ಕಳ್ಳ ಅದೇ ಎಂದು ಈಗ ಗೊತ್ತು. ಸಂಡೂರಿನ ಗುಡ್ಡದ ನೆತ್ತಿಯಲ್ಲಿ ರೆಕ್ಕೆ ಅಲುಗಿಸದೆ ತೇಲುವುದು ರಣಹದ್ದು. ಅದರ ತಮ್ಮನಂಥದು ಹಂಪಿಯ ಬಂಡೆಗಳ ಸಂದಿಯಲ್ಲಿರುವ ಬಿಳಿ ರಣಹದ್ದು, ದೂರಕ್ಕೆ ಋಷಿಯ ಹಾಗೆ ಕಾಣುತ್ತದೆ, ಹತ್ತಿರ ಹೋಗಿ ಅದು ತಿನ್ನುವುದೇನೆಂದು ನೋಡಬಾರದು. ದೊಡ್ಡ ಗುಂಡುಕಲ್ಲುಗಳ ಮೇಲೆ ಗಂಡಹೆಂಡಿರಾಗಿ ಕೂತು ಮೊಲ ಹಿಡಿಯುವ ಹಕ್ಕಿಯೊಂದಿದೆ, ಅದಕ್ಕೆ ಹೆಸರು ಹೇಳುವವರು ಸಿಗದೆ ನಾನೇ ಮೊಲಗಿಡುಗ ಎಂದಿಟ್ಟುಕೊಂಡೆ. ಇನ್ನು ಗರುಡ. ನೀರಿದ್ದಲ್ಲಿ ಅವನು. ತಲೆ ಎದೆ ಹಾಲಿನಷ್ಟು ಬಿಳುಪು, ಉಳಿದ ಮೈ ಹೊಸ ಹೆಂಚಿನ ಬಣ್ಣ.

ಆದರೆ ಬಣ್ಣವನ್ನು ನಂಬಬಾರದು. ಬಿಸಿಲಿಗೆ ಎದುರಾಗಿ ಹಾರಿದರೆ ಗರುಡನೂ ಕಪ್ಪು, ಹದ್ದೂ ಕಪ್ಪು. ಅದಕ್ಕೇ ನಾನು ಕರಿಹಲಗೆಯ ಮೇಲೆ ಎರಡು ಬಾಲ ಬರೆದು ಹುಡುಗರಿಗೆ ತೋರಿಸುತ್ತಿದ್ದೆ. ಹದ್ದಿನ ಬಾಲ ತುದಿಯಲ್ಲಿ ಸೀಳಿ, ಸ್ವಲ್ಪ ಬಾಯ್ತೆರೆದ ಕತ್ತರಿಯ ಹಾಗೆ. ಗರುಡನದು ದುಂಡಗೆ, ಬೀಸಣಿಗೆಯ ಹಾಗೆ. ಬಣ್ಣ ಮೋಸ ಮಾಡುತ್ತದೆ, ಬಾಲ ಮೋಸ ಮಾಡುವುದಿಲ್ಲ. ಹುಡುಗರು ಇದನ್ನು ಕಲಿತು ನನ್ನ ನಡಿಗೆಯ ಹಿಂದೆ ಕೈಯಲ್ಲಿ ಕತ್ತರಿ ಮಾಡಿ ಆಡಿಸುತ್ತಿದ್ದರು. ಮನಸ್ಸಿಟ್ಟು ಕಲಿತವಳು ನೀಲ ಒಬ್ಬಳೇ. ಚಿಕ್ಕಂದಿನಿಂದ ನನ್ನ ಬಣ್ಣ ಕಲೆಸಿಕೊಡುತ್ತ, ನನ್ನ ಹಕ್ಕಿಯ ಪುಸ್ತಕದ ಅಂಚಿನಲ್ಲಿ ತಾನೂ ಬಾಲ ಬರೆಯುತ್ತ ಬೆಳೆದವಳು.

ನೀಲಳಿಗೆ ಕಂಪ್ಲಿಯಿಂದ ಸಂಬಂಧ ಬಂತು. ಕಬ್ಬಿನ ಗದ್ದೆ, ಗಾಣ, ಮಾತು ಕಡಿಮೆಯ ಹುಡುಗ, ಹೆಸರು ಚೆನ್ನಬಸವ. ಹೆಣ್ಣು ನೋಡಲು ಬಂದ ದಿನ ಅಕ್ಕನೂ ನೀಲಳೂ ಗಾಬರಿಯಲ್ಲಿ ಒಬ್ಬರಿಗೆ ತಿಳಿಯದೆ ಒಬ್ಬರು ಉಪ್ಪಿಟ್ಟಿಗೆ ಉಪ್ಪು ಹಾಕಿದ್ದರು. ಉಳಿದವರು ಒಂದು ತುತ್ತಿಗೇ ತಟ್ಟೆ ಸರಿಸಿದರು. ಆ ಹುಡುಗ ತಲೆಯೆತ್ತದೆ ಪೂರ್ತಿ ತಿಂದು, ಮೂರು ಸಲ ನೀರು ಕೇಳಿದ. ಆಮೇಲೆ ನೀಲ ಬಣ್ಣದ ಬಟ್ಟಲು ತೊಳೆಯುತ್ತ ನನಗೆ ಹೇಳಿದಳು, "ಮಾಮಾ, ಬ್ಯಾರೆ ಕಡೆ ನೋಡಬ್ಯಾಡ್ರಿ." ಅಷ್ಟೇ ಹೇಳಿದ್ದು.

ಎಲ್ಲ ಒಪ್ಪಿಗೆಯಾಗಿತ್ತು. ಉಳಿದದ್ದು ಹುಡುಗನ ಅಜ್ಜಿ ಹಂಪಮ್ಮನ ಮಾತು. ಆ ಮನೆಯಲ್ಲಿ ಮಾತು ಕೊಡುವವಳು ಆಕೆ, ಮತ್ತು ಆಕೆ ಗರುಡ ಕಾಣದೆ ಮಾತು ಕೊಟ್ಟವಳಲ್ಲ. ಮದುವೆಯಿರಲಿ, ಎತ್ತು ಕೊಳ್ಳುವುದಿರಲಿ, ಬೆಳಿಗ್ಗೆಯಿಂದ ಉಪವಾಸ ಕೂರುವುದು, ಸೂರ್ಯ ನೆತ್ತಿಗೆ ಬರುವುದರೊಳಗೆ ಗರುಡ ಕಂಡರೆ ಹೂಂ, ಇಲ್ಲವಾದರೆ ಆ ವಿಷಯ ಮತ್ತೆ ಎತ್ತುವಂತಿಲ್ಲ. ಹೀಗೆ ಚೆನ್ನಬಸವನ ಎರಡು ಸಂಬಂಧಗಳು ಆಗಲೇ ತಪ್ಪಿಹೋಗಿದ್ದವು. ಈಚೆಗೆ ಆಕೆಗೆ ಕಣ್ಣು ಮಂಜಾಗಿ ತೊಡಕು ಹೆಚ್ಚಾಗಿತ್ತು. ಎರಡನೆಯ ಸಲ ಆಕೆಯ ಮಗ, ಅಂದರೆ ಹುಡುಗನ ತಂದೆ ಪಂಪಾಪತಿಗಳು, "ಅಗಾ ಅವ್ವಾ, ಗರುಡ" ಎಂದು ಕೈ ಮುಗಿಸಿದರಂತೆ. ಗರುಡ ಕಾ ಎಂದಿತಂತೆ.

ಅದಕ್ಕೇ ಈ ಸಲ ಆಕೆಗೆ ಹೊರಗಿನ ಸಾಕ್ಷಿ ಬೇಕಾಯಿತು. ಹೊಸಪೇಟೆಯ ಹದ್ದಿನ ಮಾಸ್ತರನ ಸುದ್ದಿ ಯಾರೋ ಹೇಳಿದರು. ಹಕ್ಕಿ ನೋಡಲು ಕಂಪ್ಲಿಗೆ ಹೋದಾಗ ನನ್ನನ್ನು ಮನೆಗೆ ಕರೆಸಿದಳು.

"ಅಜ್ಜೀ, ನಾನು ಹುಡುಗಿಯ ಸೋದರಮಾವ" ಎಂದೆ.

"ಗೊತ್ತೈತಿ. ಮಾಸ್ತರನೂ ಅದಿ. ಕೊಳ್ಳಾಗಿನ ಲಿಂಗ ಮುಟ್ಟಿ ಹೇಳ್ಬೇಕು, ಆಗಬಹುದಾ?"

ಆಗಲಾರದೆಂದು ಹೇಳುವ ಧೈರ್ಯವಿರಲಿಲ್ಲ. ಮಾತು ತಿರುಗಿಸೋಣವೆಂದು, "ಅಲ್ಲಜ್ಜೀ, ನಾವು ಲಿಂಗ ಕಟ್ಟಿದವರು. ಗರುಡ ವಿಷ್ಣುವಿನ ಕಡೆಯವನಲ್ಲೇನು?" ಎಂದೆ.

"ಶಿವ ಕೊಳ್ಳಾಗ ಅದಾನ, ಎಲ್ಲಿಗೂ ಹೋಗಂಗಿಲ್ಲ. ಮ್ಯಾಲೆ ಹೋಗಿ ನಾಕೂ ಕಡೆ ನೋಡ್ಕೊಂಡು ಬರೋದಕ್ಕ ಒಬ್ಬವ ಬೇಕೋ ಬ್ಯಾಡೋ?"

ಎರಡೂ ಊರಿನವರಿಗೆ ಅನುಕೂಲವೆಂದು ಹಂಪಿಯ ಹೊಳೆದಂಡೆ ಗೊತ್ತಾಯಿತು. ಬಂಡಿ ಹೂಡಿದಾಗ ಪಾರ್ವತಿ ನೀಲಳ ಕಿವಿಯ ಹಿಂದೆ ಕಾಡಿಗೆಯ ದೃಷ್ಟಿಬೊಟ್ಟಿಟ್ಟು, ಬುತ್ತಿ, ತಂಬಿಗೆ, ದುರ್ಬೀನು ಎಲ್ಲವನ್ನೂ ತಾನೇ ಬಂಡಿಗಿಟ್ಟಳು. ಮನೆಯಲ್ಲಿ ಎಮ್ಮೆ ಈಯುವ ಹೊತ್ತಾದ್ದರಿಂದ ಆಕೆ ಬರುವಂತಿರಲಿಲ್ಲ. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು: "ತಮ್ಮಾ, ಗುಬ್ಬಿಗಿಂತ ದೊಡ್ಡದು ಏನು ಬಂದ್ರೂ ಗರುಡ ಅನ್ನು."

"ಲಿಂಗ ಮುಟ್ಟಿ ಹೇಳ್ಬೇಕಕ್ಕ."

"ಮುಟ್ಟಬ್ಯಾಡ. ಮುಟ್ಟಿದಂಗ ಮಾಡು."

ದಂಡೆಯ ಕಲ್ಲುಮಂಟಪದ ನೆರಳಿನಲ್ಲಿ ಕಂಬಳಿ ಹಾಸಿ ಹಂಪಮ್ಮಜ್ಜಿ ಕೂತಿದ್ದಳು, ನೀರೂ ಮುಟ್ಟದೆ. ಒಂದು ಕಡೆ ಅವರು, ಒಂದು ಕಡೆ ನಾವು. ನಡುವೆ ಯಾರೂ ಬಿಚ್ಚದ ಎರಡು ಬುತ್ತಿಗಂಟು. ಮದುವೆಯ ಮಾತಿಗೆ ಸೇರಿದ ಜನ ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಆಕಾಶ ನೋಡುತ್ತ ಕೂತ ಇನ್ನೊಂದು ಸಭೆಯನ್ನು ನಾನು ಕಂಡಿಲ್ಲ. ನೀಲ, ಚೆನ್ನಬಸವ ಇಬ್ಬರೇ ಆಗಾಗ ಕತ್ತು ನೋಯಿತೆಂಬಂತೆ ಕೆಳಗೆ ನೋಡುತ್ತಿದ್ದರು.

ದುರ್ಬೀನನ್ನು ನಾನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಧೂಳು ಕೂತೀತು, ಬೆವರು ತಾಗೀತು. ಬೇಕಾದ ಗಳಿಗೆಗೆ ಇರಲಿ ಎಂದು ಬಿಸಿಲಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಮೊದಲು ಬಂದವಕ್ಕೆ ಅದು ಬೇಕಾಗಲೂ ಇಲ್ಲ. ಎತ್ತರದಲ್ಲೊಂದು ಚುಕ್ಕೆ ಹಲಗೆಯಂಥ ರೆಕ್ಕೆ ಚಾಚಿ ತೇಲಿತು.

"ಅದೇನ್ರಿ ಮಾಸ್ತರ?" ಎಂದರು ಪಂಪಾಪತಿಗಳು ಆಸೆಯಿಂದ.

"ರಣಹದ್ದು."

"ಅದನ್ನ ಬಾಯಿಬಿಟ್ಟು ಹೇಳಬ್ಯಾಡ್ರಿ, ಶುಭಕಾರ್ಯದಾಗ."

ಆಮೇಲೆ ಎದುರುಬಂಡೆಯ ಮೇಲೆ ಬೆಳ್ಳಗಿನದೊಂದು ಬಂದು ಕೂತಿತು. ಅಕ್ಕ ನನ್ನ ತೊಡೆ ಚಿವುಟಿ, "ಬೆಳ್ಳಗೈತಲ್ಲೋ, ಅನ್ನು" ಎಂದಳು. ಅದು ಬಿಳಿ ರಣಹದ್ದು. ಅನ್ನಲಿಲ್ಲ. ತೊಡೆ ಇನ್ನೊಮ್ಮೆ ಚಿವುಟಿಸಿಕೊಂಡಿತು.

ನೆರಳು ಕಾಲಬುಡಕ್ಕೆ ಬಂತು. ಅಜ್ಜಿ ಮಂಟಪದ ಅಂಚಿನ ಕಲ್ಲನ್ನು ಮುಟ್ಟಿ ನೋಡಿ, ಬಿಸಿಲು ಎಲ್ಲಿಗೆ ಬಂದಿದೆಯೆಂದು ಲೆಕ್ಕ ಹಾಕುತ್ತಿದ್ದಳು. ಇನ್ನೊಂದು ಗೇಣು ಉಳಿದಿತ್ತು. ಆಗ ಹೊಳೆಯ ಆಚೆಯ ಬಂಡೆಗಳ ಮೇಲಿಂದ ಒಂದು ಹಕ್ಕಿ ಎದ್ದು ನೀರಿನ ಮೇಲೆ ಸುತ್ತು ಹಾಕತೊಡಗಿತು. ಪಂಪಾಪತಿಗಳು ಎದ್ದು ನಿಂತರು. ಅಕ್ಕ ಎದ್ದು ನಿಂತಳು. ನಾನು ದುರ್ಬೀನು ತೆಗೆದು ಕಣ್ಣಿಗೆ ಒತ್ತಿಕೊಂಡೆ.

ಲೋಕವೆಲ್ಲ ಅಡುಗೆಮನೆಯ ಮಾಡಿನ ಹಾಗೆ ಮಸಿಯಾಗಿತ್ತು. ತಿರುಪು ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ. ಹೊಳೆ ಕಪ್ಪು, ಬಂಡೆ ಕಪ್ಪು, ಹಕ್ಕಿ ತಲೆಯಿಂದ ಬಾಲದ ತನಕ ಕಪ್ಪು. ಕಣ್ಣಿಗೆ ಪೊರೆ ಬಂದಿದೆ. ನಮ್ಮ ತಂದೆಗೆ ಬಂದಿತ್ತು, ನನಗೆ ನಲವತ್ತಕ್ಕೆ ಎರಡು ವರ್ಷ ಇರುವಾಗಲೇ ಬಂತು. ಕುರುಡ ಡ್ರಾಯಿಂಗ್ ಮಾಸ್ತರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಪಾರ್ವತಿ ಎಮ್ಮೆಯನ್ನೊಂದು ಕೈಯಲ್ಲಿ, ನನ್ನನ್ನೊಂದು ಕೈಯಲ್ಲಿ ಹಿಡಿದು ನಡೆಸುವುದು ಕಣ್ಣ ಮುಂದೆ ಬಂತು, ಅದು ಮಾತ್ರ ಬಹಳ ಸ್ಪಷ್ಟವಾಗಿ.

"ಏನದು, ಮಾಸ್ತರಾ?" ಎಂದಳು ಅಜ್ಜಿ.

ಕಾಣುವುದಿಲ್ಲ ಎನ್ನಬೇಕಿತ್ತು. ಅಷ್ಟು ಜನರೆದುರು ಹದ್ದಿನ ಮಾಸ್ತರ ಕಾಣುವುದಿಲ್ಲ ಎನ್ನುವುದು ಹೇಗೆ? ಬಾಲವಂತೂ ಮಸಿಯಲ್ಲಿ ಮುಳುಗಿತ್ತು. ಕಂಡದ್ದು ಬಣ್ಣ ಒಂದೇ. ಕೊರಳಿಗೆ ಕೈಯಿಟ್ಟು, ಕಂಡದ್ದನ್ನು ಹೇಳಿದೆ.

"ಹದ್ದು."

ಪಂಪಾಪತಿಗಳು ಅಷ್ಟರಲ್ಲಿ ಕೈ ಮುಗಿದು ಕೆನ್ನೆ ಬಡಿದುಕೊಳ್ಳುತ್ತಿದ್ದರು. ಕೈ ಅಲ್ಲೇ ನಿಂತಿತು. "ತಲಿ ಬೆಳ್ಳಗ ಕಂಡಂಗ ಆತಲ್ರಿ ನನಗ" ಎಂದರು. ಆಮೇಲೆ ನನ್ನ ದುರ್ಬೀನನ್ನೊಮ್ಮೆ ನೋಡಿ, "ಇರ್ಲಿ ಬಿಡ್ರಿ, ಅದರಾಗ ಹದ್ದು ಅಂದ್ರ ಹದ್ದ. ನಮ್ಮ ಕಣ್ಣು ಏನು ಕಣ್ಣು" ಎಂದು ಕೂತರು. ಅಕ್ಕನೂ ಕೂತಳು. ಅಜ್ಜಿಯನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಬರಿಗಣ್ಣಿಗೆ ಗರುಡ ಕಾಣುತ್ತಿದ್ದ. ದೊರೆಯ ದುರ್ಬೀನು ಹದ್ದೆಂದ ಮೇಲೆ ಒಬ್ಬೊಬ್ಬರೂ ತಮ್ಮ ಕಣ್ಣನ್ನೇ ಅನುಮಾನಿಸಿದರು.

"ಏಳ್ರೆಪಾ, ಬಂಡಿ ಹೂಡ್ರಿ" ಎಂದು ಅಜ್ಜಿ ಕಂಬಳಿಯ ಮೇಲೆ ಕೈಯೂರಿದಳು. ಚೆನ್ನಬಸವ ಆಕೆಯನ್ನು ಎಬ್ಬಿಸಲು ಬಾಗಿದವನು ಹಾಗೇ ನಿಂತುಬಿಟ್ಟ.

"ಅದು ಹದ್ದಲ್ಲಜ್ಜೀ" ಎಂದಿತು ಒಂದು ದನಿ. ಮಾತಿಗೆ ಕೂತ ಹುಡುಗಿ ಬಾಯಿ ತೆರೆಯಬಾರದೆಂದು ಅಕ್ಕ ನೂರು ಸಲ ಹೇಳಿದ್ದಳು.

"ಯಾರದು?"

"ನಾನು, ನೀಲ. ಮಾಮಾ, ದುರ್ಬೀನ ತಗದು ನೋಡ್ರಿ. ನೀವ ಹೇಳಿಕೊಟ್ಟದ್ದಲ್ಲೇನು, ಕತ್ತರಿ ಬಾಲ ಹದ್ದು, ಬೀಸಣಿಗಿ ಬಾಲ ಗರುಡ ಅಂತ? ದುಂಡಗ ಬೀಸಣಿಗಿ ಆಗೇತಿ ನೋಡ್ರಿ."

"ತಲಿ?" ಎಂದಳು ಅಜ್ಜಿ.

"ಸುಣ್ಣ ಬಳದಂಗ ಐತಿ."

"ನಿನಗ ನಮ್ಮ ಮನಿಗೆ ಬರೋ ಆಸೆ. ಅದಕ್ಕ ಹಂಗ ಕಾಣತೈತಿ."

ನೀಲ ಹಕ್ಕಿಯ ಮೇಲಿನ ಕಣ್ಣು ಕೀಳಲಿಲ್ಲ. "ಆಸೆ ಐತಿ ಅಜ್ಜೀ" ಎಂದಳು. "ಆದ್ರ ಬಾಲಾನೂ ದುಂಡಗ ಐತಿ."

ಆಗ ಹಕ್ಕಿ ನಮ್ಮ ನೆತ್ತಿಗೆ ಬಂದು ಕೂಗಿತು. ಹದ್ದಿನ ಕೂಗು ಉದ್ದಕ್ಕೆ ನಡುಗುವ ಸಿಳ್ಳು. ಇದು ಹಾಗಿರಲಿಲ್ಲ, ನೆಗಡಿಯಾದ ಕೂಸು ಮೂಗಿನಲ್ಲಿ ರಾಗ ತೆಗೆದ ಹಾಗಿತ್ತು. ಅಜ್ಜಿ ಕತ್ತು ವಾಲಿಸಿ ಕೇಳಿದಳು. ಇನ್ನೊಮ್ಮೆ ಕೂಗಿತು.

"ಮಾಸ್ತರಾ, ಆ ಡಬ್ಬಿ ಕೆಳಗಿಟ್ಟು ನೋಡಿ ಹೇಳು. ಮುಟ್ಟಿ ಹೇಳು."

ದುರ್ಬೀನು ಕೆಳಗಿಟ್ಟೆ. ಬಿಳಿ ತಲೆ, ಬಿಳಿ ಎದೆ, ಬಿಸಿಲು ಹಾಯ್ದ ಹೆಂಚಿನ ರೆಕ್ಕೆ, ಬೀಸಣಿಗೆ ಬಾಲ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಮಾನ ಹೋದ ದುಃಖಕ್ಕಿಂತ ಕಣ್ಣು ಉಳಿದ ಸಂತೋಷ ದೊಡ್ಡದಾಗಿ, "ಗರುಡ, ಅಜ್ಜೀ. ತಪ್ಪು ನನ್ನದು" ಎಂದೆ.

ಆಕೆ ಎರಡೂ ಕೈ ಮುಗಿದು, ಕೆನ್ನೆ ಮುಟ್ಟಿಕೊಂಡು, ಬಹಳ ಹೊತ್ತು ಹಾಗೇ ಕೂತಳು. ಅಕ್ಕ ತಡೆಯಲಾರದೆ, "ಹುಡುಗಿ ಎದುರು ಮಾತಾಡೋಳಲ್ರಿ ಅತ್ತಿ, ಇವತ್ತ ಏನೋ..." ಎಂದು ಶುರು ಮಾಡಿದಳು.

"ಆಡ್ಲಿ ಬಿಡು" ಎಂದಳು ಅಜ್ಜಿ. "ನನ್ನ ಮಗ ಕಾಗಿ ತೋರಿಸಿ ಗರುಡ ಅಂತಾನ, ನಿನ್ನ ತಮ್ಮ ಗರುಡನ್ನ ಹದ್ದು ಅಂತಾನ. ಕಣ್ಣಿಗೆ ಕಂಡದ್ದು ಹೇಳೋರು ಮನ್ಯಾಗ ಒಬ್ಬರಾದ್ರೂ ಬೇಕು. ಸಕ್ರಿ ತರ್ರಿ."

ಸಕ್ಕರೆ ಹಂಚಿದರು, ಎಲೆ ಅಡಿಕೆ ಬದಲಾಯಿಸಿದರು, ಬುತ್ತಿ ಬಿಚ್ಚಿದರು. ಪಂಪಾಪತಿಗಳು ನನ್ನನ್ನು ಬದಿಗೆ ಕರೆದು, ಮುಖವನ್ನೇ ನೋಡುತ್ತ, "ಮಾಸ್ತರ, ನೀವು ಭಾಳ ಚಿಂತಿ ಮಾಡ್ತೀರಿ. ಒಂದೀಟು ನಿದ್ದಿ ಮಾಡ್ರಿ" ಎಂದರು. ನನ್ನ ಸ್ವಭಾವವನ್ನು ಒಂದೇ ದಿನದಲ್ಲಿ ಅರಿತ ಆ ಮನುಷ್ಯನ ಮೇಲೆ ಗೌರವ ಬಂತು. ಚೆನ್ನಬಸವ ಕಾಲಿಗೆರಗಿ ಎದ್ದವನು ಥಟ್ಟನೆ ಬೇರೆ ಕಡೆ ತಿರುಗಿ ಕೆಮ್ಮಿದ. ನಾಚಿಕೆಯ ಹುಡುಗನೆಂದುಕೊಂಡೆ.

ಸಂಜೆ ಮನೆ ಸೇರುವ ತನಕ ಪಟ್ಟಿಯನ್ನು ಮನಸ್ಸಿನಲ್ಲೇ ತೆಗೆದು ನೋಡುತ್ತ ಬಂದೆ. ಕೀಲು ಕಳಚಲಿಲ್ಲ. ಎಡಗಡೆಯ ಎತ್ತು ಹೋಗುವಾಗಲೂ ಮಲಗಲಿಲ್ಲ, ಬರುವಾಗಲೂ ಮಲಗಲಿಲ್ಲ. ಕೋತಿಗಳು ಬಂದಿದ್ದವು, ಬಂಡೆಯ ಮೇಲೆ ಕೂತು ಅವೂ ನಮ್ಮಂತೆ ಆಕಾಶ ನೋಡಿದವು. ಮೀನು ಬೀಳಲಿಲ್ಲ, ಸೀನು ಬರಲಿಲ್ಲ. ಕಮಲಾಪುರದಲ್ಲಿ ಎದುರಾದ ನಮ್ಮ ಶಾಲೆಯ ಹುಡುಗರು ಮಾತ್ರ ಎಂದಿಲ್ಲದ ಸಂತೋಷದಿಂದ ನಮಸ್ಕಾರ ಮಾಡಿ, ಬಂಡಿಯ ಹಿಂದೆ ಬಹು ದೂರ ಬಂದರು. ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ನನಗೆ ಆಶ್ಚರ್ಯ.

ಬಾಗಿಲಲ್ಲಿ ಪಾರ್ವತಿ ಎಮ್ಮೆ ಹೆಣ್ಣುಗರು ಹಾಕಿತೆಂದು ಹೇಳಲು ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಒಳಗೆ ಹೋಗಿ ಕನ್ನಡಿ ತಂದು ನನ್ನ ಮುಂದೆ ಹಿಡಿದಳು. ಎರಡೂ ಕಣ್ಣಿನ ಸುತ್ತ ಕಪ್ಪಗೆ, ದುಂಡಗೆ, ದೊಡ್ಡ ಗೂಬೆಯೊಂದು ನನ್ನನ್ನು ನೋಡುತ್ತಿತ್ತು. ಆ ಒಂದು ಹಕ್ಕಿಯನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅದಕ್ಕೂ ಒಂದು ದೃಷ್ಟಿಬೊಟ್ಟು ಇಟ್ಟಿದ್ದೆ ರೀ" ಎಂದಳು ಮೆಲ್ಲಗೆ. "ಅಷ್ಟು ಮಂದಿ ನೋಡ್ತಾರ ಅಂತ."

"ದುರ್ಬೀನಿಗೆ? ಗಾಜಿನ ಮ್ಯಾಲೆ?"

"ಅದಕ್ಕಿರೋದ ಎರಡು ಕಣ್ಣು. ಮತ್ತೆಲ್ಲಿ ಇಡ್ಲಿ?"

"ಎರಡಕ್ಕೂ ಇಟ್ಟೆ?"

"ಒಂದಕ್ಕಷ್ಟ ಇಟ್ರ ಇನ್ನೊಂದಕ್ಕ ದೃಷ್ಟಿ ಆಗಂಗಿಲ್ಲೇನ್ರಿ?"

ಹರಳೆಣ್ಣೆಯ ಕಾಡಿಗೆ. ಬಿಸಿಲಿಗೆ ಕರಗಿ ಗಾಜಿನ ತುಂಬ ಹರಡಿಕೊಂಡಿತ್ತು. ನೀಲ ಈಗ ಕಂಪ್ಲಿಯಲ್ಲಿ ಮೂರು ಮಕ್ಕಳ ತಾಯಿ. ನನ್ನ ಕಣ್ಣ ಸುತ್ತಿನ ಮಸಿಯ ಮಾತು ಅಂದೇ ಏಕೆ ಹೇಳಲಿಲ್ಲವೆಂದು ಕೇಳಿದರೆ, "ಒಂದು ದಿನಕ್ಕ ಒಂದ ಸಲ ಎದುರು ಮಾತಾಡಿದ್ರ ಸಾಕು ಅಂತ ಸುಮ್ಮನಾದೆ ಮಾಮಾ" ಎನ್ನುತ್ತಾಳೆ.

ಮೊನ್ನೆ ಸಿಕ್ಕ ಕಾಗದದ ಕೊನೆಯಲ್ಲಿ ಒಂದು ಸಾಲಿಗಾಗುವಷ್ಟು ಜಾಗ ಉಳಿದಿತ್ತು. ಹೆಂಡತಿ ದುರ್ಬೀನಿಗೆ ಕಾಡಿಗೆ ಹಚ್ಚಬಹುದು ಎಂದು ಬರೆದು, ಮೊದಲಿನಂತೆ ನಾಲ್ಕಾಗಿ ಮಡಿಸಿ, ಮುಚ್ಚಳದೊಳಗೆ ಇಟ್ಟೆ.